ಮುಖ ಬೇಡ, ಪರದೆ ತೋರಿಸಲಿ

ಪ್ರಶ್ನೆ: ಬೆಂಗಳೂರಿನ ಕಂಪನಿಯೊಂದರಲ್ಲಿ ಮಾರಾಟದ ವರದಿ ತಯಾರಿಸುತ್ತಿದ್ದೆ. ಮದುವೆಯಾಗಿ ಶಿರಸಿಗೆ ಬಂದ ಮೇಲೆ, ತರಬೇತಿ ಸಂಸ್ಥೆಯೊಂದಕ್ಕಾಗಿ ಮನೆಯಿಂದಲೇ ಎಕ್ಸೆಲ್, ಅಂಕಿಅಂಶಗಳನ್ನು ಚಿತ್ರ-ವರದಿಗಳಾಗಿ ತೋರಿಸುವ ಪವರ್ ಬಿಐ ಕಲಿಸುತ್ತಿದ್ದೇನೆ. ಯಾರೂ ಕ್ಯಾಮೆರಾ ಹಾಕುವುದಿಲ್ಲ. ‘ಅರ್ಥವಾಯಿತೇ?’ ಎಂದರೆ ‘ಹೌದು ಮೇಡಂ’ ಎನ್ನುತ್ತಾರೆ. ಅಭ್ಯಾಸ ಕೊಟ್ಟರೆ ಖಾಲಿ ಹಾಳೆ ಬರುತ್ತದೆ. ಗಂಟೆ ಲೆಕ್ಕದ ಸಂಭಾವನೆಯೂ ಅಷ್ಟಕ್ಕಷ್ಟೇ. ಏನು ಮಾಡಲಿ?
– ಓದುಗಿ, ಶಿರಸಿ

ಉತ್ತರ: ‘ಅರ್ಥವಾಯಿತೇ’ ಎಂದು ಕೇಳುವುದನ್ನು ಮೊದಲು ಬಿಡಿ ತಾಯಿ. ನಮ್ಮಲ್ಲಿ ಆ ಪ್ರಶ್ನೆಗೆ ಇರುವುದು ಒಂದೇ ಉತ್ತರ. ಕ್ಯಾಮೆರಾಕ್ಕಾಗಿಯೂ ಹಟ ಹಿಡಿಯಬೇಡಿ. ಪಿ.ಜಿ.ಯ ಮಂಚದ ಮೇಲೆ ಕುಳಿತವರಿಗೆ ತಮ್ಮ ಮುಖಕ್ಕಿಂತ ಬೆನ್ನ ಹಿಂದೆ ಒಣಗುತ್ತಿರುವ ಬಟ್ಟೆಯದೇ ಸಂಕೋಚ. ನನಗೆ ಬೇಕಾದದ್ದು ಅವರ ಪರದೆ. ಮೈಸೂರಿನ ನಮ್ಮ ಮನೆಯಿಂದ ತರಗತಿ ನಡೆಸುವಾಗ ನಾನು ಮೌಸ್ ಮುಟ್ಟುವುದೇ ಅಪರೂಪ. ಒಬ್ಬರು ಪರದೆ ಹಂಚಿಕೊಳ್ಳುತ್ತಾರೆ, ಉಳಿದವರು ಎಲ್ಲಿ ಒತ್ತಬೇಕೆಂದು ಹೇಳುತ್ತಾರೆ.

ಕೊಡುವ ಕಡತವೂ ತೀರಾ ಒಪ್ಪವಾಗಿರಬಾರದು. ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯದ ಕಡತ) ಒಂದರಲ್ಲಿ 05/04/2024, 13/04/2024 ಎಂದು ನಮ್ಮ ರೂಢಿಯಂತೆ ದಿನಾಂಕ ಬರೆದುಕೊಡಿ. ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ಎಕ್ಸೆಲ್ ಮೊದಲನೆಯದನ್ನು ಮೇ 4 ಎಂದು ಓದಿ ಬಲಕ್ಕೆ ಸರಿಸುತ್ತದೆ. 13ನೇ ತಿಂಗಳು ಇಲ್ಲವಲ್ಲ, ಎರಡನೆಯದು ಬರೀ ಪಠ್ಯವಾಗಿ ಎಡಕ್ಕೇ ಉಳಿಯುತ್ತದೆ. ಅದನ್ನು ಗಮನಿಸದೆ ಪಿವಟ್ ಟೇಬಲ್ (ತಿಂಗಳುವಾರು ಮೊತ್ತದಂಥ ಸಾರಾಂಶ ಪಟ್ಟಿ) ಮಾಡಿದರೆ ಏಪ್ರಿಲ್ ಮಾರಾಟ ಮೇ ತಿಂಗಳ ಲೆಕ್ಕಕ್ಕೆ ಹೋಗಿ ಕುಳಿತಿರುತ್ತದೆ! ‘ಕೆಲವು ದಿನಾಂಕ ಎಡಕ್ಕೇಕೆ, ಕೆಲವು ಬಲಕ್ಕೇಕೆ?’ ಎಂದು ಕೇಳಿ ಸುಮ್ಮನಿದ್ದುಬಿಡಿ. ಮೌನ ಎಷ್ಟು ಎಳೆದರೂ ನೀವಾಗಿ ಉತ್ತರ ಹೇಳಬೇಡಿ. (ವಾಚಾಳಿಯಾದ ನನಗೆ ಇಂದಿಗೂ ಇದೇ ಕಷ್ಟದ ಭಾಗ.) ಯಾರಾದರೂ ಮ್ಯೂಟ್ ತೆಗೆದೇ ತೆಗೆಯುತ್ತಾರೆ. ಎಕ್ಸೆಲ್‌ನಲ್ಲೇ ಇರುವ, ದತ್ತಾಂಶ ತಂದು ಸರಿಪಡಿಸುವ ಸಾಧನವಾದ ಪವರ್ ಕ್ವೆರಿಯಲ್ಲಿ, ದಿನಾಂಕವನ್ನು ಯಾವ ದೇಶದ ರೂಢಿಯಂತೆ ಓದಬೇಕೆಂದು ಹೇಳುವ ‘ಯೂಸಿಂಗ್ ಲೊಕೇಲ್’ ಆಯ್ಕೆಯನ್ನು ಆಗ ತೋರಿಸಿ.

ಖಾಲಿ ಹಾಳೆಗೆ ಇನ್ನೊಂದು ಕಾರಣವೂ ಇರಬಹುದು. ಪವರ್ ಬಿಐ ಡೆಸ್ಕ್‌ಟಾಪ್ ಉಚಿತವೇನೋ ಹೌದು, ಆದರೆ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ. ಮ್ಯಾಕ್ ಇರುವವರು ಯಾರು, ಮೊಬೈಲಿನಲ್ಲೇ ಪಾಠ ಕೇಳುತ್ತಿರುವವರು ಯಾರು ಎಂದು ವಿಚಾರಿಸಿದ್ದೀರಾ? ಮೊಬೈಲಿನವರು ‘ಹೌದು ಮೇಡಂ’ ಎನ್ನದೆ ಇನ್ನೇನು ಮಾಡಿಯಾರು! ಅವರಿಗೆ ಸದ್ಯಕ್ಕೆ ಗೂಗಲ್ ಶೀಟ್ಸ್‌ನಲ್ಲಿ ಮಾಡುವಂಥ ಅಭ್ಯಾಸ ಕೊಡಿ.

ಸಂಭಾವನೆಯ ಮಾತು: ತರಗತಿಯ ಗಂಟೆಗಷ್ಟೇ ಒಪ್ಪಿಕೊಳ್ಳಬೇಡಿ. ಕಡತ ತಯಾರಿಸುವುದಕ್ಕೂ ಅಭ್ಯಾಸ ತಿದ್ದುವುದಕ್ಕೂ ಬೇರೆಯಾಗಿ ಕೇಳಿ, ಬರವಣಿಗೆಯಲ್ಲಿ ಪಡೆಯಿರಿ. ಶೇ. 10ರಷ್ಟು ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯುತ್ತಿದ್ದರೆ, ನಿಮ್ಮ ವಾರ್ಷಿಕ ಆದಾಯಕ್ಕೆ ಅಷ್ಟು ತೆರಿಗೆ ಬಾರದಿದ್ದಲ್ಲಿ, ರಿಟರ್ನ್ ಸಲ್ಲಿಸಿ ಹೆಚ್ಚಾಗಿ ಹಿಡಿದ ಹಣವನ್ನು ವಾಪಸ್ ತೆಗೆದುಕೊಳ್ಳಿ.