ಮಾತ್ರೆ ತಪ್ಪದ ಹಾಗೆ ನೋಡ್ಕೊಳ್ಳೋರು ಯಾರು?

ಸಕಲೇಶಪುರ ತಾಲೂಕಿನ ಓದುಗರೊಬ್ರ ಪತ್ರ: "ನಮ್ಮೂರಲ್ಲಿ ಕೆಲವು ವರ್ಷದ ಹಿಂದೆ ಒಬ್ಬ ತಲೆಕೆಟ್ಟು ಸ್ವಂತ ಚಿಕ್ಕಪ್ಪನ್ನೇ ಕಡಿದು ಸಾಯಿಸಿದ. ಹುಚ್ಚು ಅಂತ ಕೋರ್ಟು ಬಿಟ್ಟುಬಿಡ್ತು. ಈಗ ಅಣ್ಣನ ಮನೆಗೆ ಬರ್ತಾನಂತೆ. ಊರಿಗೆ ಸೇರಿಸಬಾರ್ದು ಅಂತ ಎಲ್ರೂ ಕೂತು ತೀರ್ಮಾನ ಮಾಡಿದೀವಿ. ತಪ್ಪಾ?"

ಸಂಪಾದಕರ ಉತ್ತರ:

ನಿಮ್ಮ ಭಯ ನಂಗೆ ಅರ್ಥ ಆಗತ್ತೆ, ಲೈನ್ ಮನೇಲಿ ಮಕ್ಕಳನ್ನ ಬಿಟ್ಟು ತೋಟಕ್ಕೆ ಹೋಗೋರಿಗೆ ಆ ಭಯ ಇನ್ನೂ ಜಾಸ್ತಿ ಇರತ್ತೆ. ಆದ್ರೂ ತೀರ್ಮಾನ ತಪ್ಪು ಅಂತಾನೇ ಹೇಳ್ತೀನಿ, ನಿಮ್ಮ ಮಕ್ಕಳ ಸೇಫ್ಟಿ ಯೋಚನೆ ಮಾಡೇ ಹೇಳ್ತಿರೋದು.

ಕೋರ್ಟು ಹಂಗೆಲ್ಲ ಸುಮ್ನೆ ಬಿಡಲ್ಲ ಸಾರ್. ಹಳೇ ಐಪಿಸಿ 84, ಈಗಿನ ನ್ಯಾಯ ಸಂಹಿತೆಯ 22ನೇ ಸೆಕ್ಷನ್ ಪ್ರಕಾರ, ಕೃತ್ಯ ನಡೆದ ಹೊತ್ತಲ್ಲಿ ತಾನು ಮಾಡ್ತಿರೋದು ಏನು ಅನ್ನೋದಾಗ್ಲಿ, ಅದು ತಪ್ಪು ಅನ್ನೋದಾಗ್ಲಿ ತಿಳಿಯದಷ್ಟು ಮನಸ್ಸು ಕೆಟ್ಟಿತ್ತು ಅಂತ ಆರೋಪಿ ಕಡೆಯವರೇ ತೋರಿಸ್ಬೇಕು, ಬರೀ ಕಾಯಿಲೆ ಚೀಟಿ ತೋರಿಸಿದ್ರೆ ಸಾಲಲ್ಲ. ಅದು ಸಾಬೀತಾದ್ಮೇಲೂ ನೇರವಾಗಿ ಮನೆಗೆ ಕಳ್ಸಲ್ಲ, ಸುರಕ್ಷಿತ ಕಸ್ಟಡೀಲಿ ಇಡ್ತಾರೆ, ಇಲ್ಲಾಂದ್ರೆ ಇವನಿಂದ ಇವನಿಗಾಗ್ಲಿ ಬೇರೆಯವರಿಗಾಗ್ಲಿ ಅಪಾಯ ಆಗದ ಹಾಗೆ ನೋಡ್ಕೋತೀನಿ, ಕರೆದಾಗ ಹಾಜರುಪಡಿಸ್ತೀನಿ ಅಂತ ಸಂಬಂಧಿಕರು ಜಾಮೀನು ಕೊಟ್ಟು ಕರ್ಕೊಂಡು ಹೋಗ್ಬೇಕು. ಅಂದ್ರೆ ಆ ಅಣ್ಣ ಹೊತ್ತಿರೋದು ಸಣ್ಣ ಭಾರ ಅಲ್ಲ.

ಮತ್ತೆ ಮಾಡ್ತಾನಾ ಅನ್ನೋದೇ ಅಲ್ವಾ ನಿಮ್ಮ ಅಸಲಿ ಪ್ರಶ್ನೆ? ಕೆನಡಾದ ಮೂರು ಪ್ರಾಂತ್ಯಗಳಲ್ಲಿ ಹೀಗೆ ಹೊಣೆಯಿಲ್ಲ ಅಂತ ತೀರ್ಪಾದ ಸುಮಾರು 1,800 ಜನರನ್ನ ಹಿಂಬಾಲಿಸಿ ನೋಡಿದಾರೆ, 3 ವರ್ಷದಲ್ಲಿ ಮತ್ತೆ ಯಾವ್ದಾದ್ರೂ ಅಪರಾಧಕ್ಕೆ ಸಿಕ್ಕಿದೋರು ಶೇಕಡಾ 17, ಅದ್ರಲ್ಲಿ ಘೋರ ಹಿಂಸೆ ತೀರಾ ಕಮ್ಮಿ. ಆದ್ರೆ ಅಲ್ಲಿ ರಿವ್ಯೂ ಬೋರ್ಡ್ ಅಂತ ಇದೆ, ಎಲ್ಲಿ ಇರ್ಬೇಕು, ಯಾವ ಷರತ್ತಿಗೆ ಬಿಡ್ಬೇಕು ಅಂತ ಮತ್ತೆ ಮತ್ತೆ ಕೂತು ನೋಡತ್ತೆ. ನಮ್ಮಲ್ಲಿ ಮನೆಗೆ ಬಂದ್ಮೇಲೆ ಆ ಥರ ಬೆನ್ನು ಹತ್ತಿ ನೋಡೋ ವ್ಯವಸ್ಥೆ ಇಲ್ಲ, ನಂಗೆ ಸಿಟ್ಟು ಬರೋದು ಇದಕ್ಕೇನೇ, ಅಷ್ಟು ದೊಡ್ಡ ಕೆಲಸಾನ ಒಬ್ಬ ಅಣ್ಣನ ತಲೆ ಮೇಲೆ ಹಾಕಿ ಸರ್ಕಾರ ಕೈ ತೊಳ್ಕೊಳತ್ತೆ.

ಈಗ ನೀವು ಓಡಿಸ್ತೀರಿ ಅಂತಿಟ್ಕೊಳ್ಳಿ. ಹಾಸನ ಬಸ್ ಸ್ಟ್ಯಾಂಡಲ್ಲೋ ಇನ್ನೆಲ್ಲೋ ಮಲಗ್ತಾನೆ, ಮಾತ್ರೆ ನಿಲ್ಲತ್ತೆ, ಕುಡಿಯೋಕೆ ಶುರು ಮಾಡ್ತಾನೆ, ಕಾಯಿಲೆ ಮರುಕಳಿಸತ್ತೆ. ಅಪಾಯ ಹುಟ್ಟೋದು ಅಲ್ಲಿ. ಊರಲ್ಲೇ ಇದ್ರೆ ಮನೋಚೈತನ್ಯ ಯೋಜನೇಲಿ ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರೋ ವ್ಯವಸ್ಥೆ ಇದೆ, ದಿನಾ ಮಾತ್ರೆ ನುಂಗಲ್ಲ ಅನ್ನೋರಿಗೆ ತಿಂಗಳಿಗೊಂದ್ಸಲ ತಗೊಳ್ಳೋ ಇಂಜೆಕ್ಷನ್ ಇದೆ. ನಿದ್ದೆ ಬಿಡೋದು, ಒಬ್ನೇ ಮಾತಾಡೋದು, ಅನ್ನಕ್ಕೆ ಏನೋ ಹಾಕಿದಾರೆ ಅಂತ ಅನುಮಾನ ಪಡೋದು ಕಂಡ್ರೆ ಮಂಗಳವಾರದ ತನಕ ಕಾಯ್ಬೇಡಿ, ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಅಪಾಯ ಅನ್ಸಿದ್ರೆ ಠಾಣೆಗೆ ಹೇಳಿ, 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅಂಥವರನ್ನ ತಮ್ಮ ರಕ್ಷಣೆಗೆ ತಗೊಂಡು 24 ಗಂಟೆ ಒಳಗೆ ಸರ್ಕಾರಿ ಆಸ್ಪತ್ರೆಗೆ ತಪಾಸಣೆಗೆ ಕರ್ಕೊಂಡು ಹೋಗೋದು ಪೊಲೀಸರ ಕರ್ತವ್ಯ. ನಿಮ್ಮ ಸಭೆ ಇನ್ನೊಂದ್ಸಲ ಸೇರಲಿ, ಅಣ್ಣನ್ನ ಕೂರಿಸ್ಕೊಂಡು, ಆಶಾ ಕಾರ್ಯಕರ್ತೆಯನ್ನೂ ಕರೆದು, ಆಸ್ಪತ್ರೆಗೆ ಜೊತೆಗೆ ಹೋಗೋರು ಯಾರು ಅಂತ ಮಾತಾಡಿ.

ಒಂದು ಮಾತ್ರ ನಿಮ್ಮ ಪತ್ರದಲ್ಲಿ ಇಲ್ವೇ ಇಲ್ಲ, ಸತ್ತೋರ ಹೆಂಡತಿ. ಅವ್ರಿಗೆ ಇವ್ನು ಬರ್ತಿರೋದು ಯಾರಾದ್ರೂ ಹೇಳಿದಾರಾ? ದಾರೀಲಿ ಎದುರು ಸಿಗೋಕೆ ಮುಂಚೆ ಹೇಳಿ ದಯವಿಟ್ಟು. ಆರೋಪಿ ಖುಲಾಸೆ ಆದ್ರೂ ಸಂತ್ರಸ್ತರಿಗೆ ಪರಿಹಾರ ಕೊಡಿ ಅಂತ ಕೋರ್ಟು ಶಿಫಾರಸು ಮಾಡೋಕೆ ಕಾನೂನಲ್ಲಿ ಅವಕಾಶ ಇದೆ, ಮಾಡಿತ್ತಾ ಅಂತ ತೀರ್ಪಿನ ಕಾಪಿ ತೆಗೆಸಿ ನೋಡಿ. ಹಾಸನದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕರ್ಕೊಂಡು ಹೋದ್ರೆ ವಕೀಲರನ್ನ ಕೊಡ್ತಾರೆ, ಹೆಂಗಸರಿಗೆ ಆದಾಯ ಎಷ್ಟೇ ಇದ್ರೂ ಅದು ಫ್ರೀ.