ಶ್ರೀಶೈಲ ಪಾದಯಾತ್ರೆ: ಕಾಲು, ನೀರು ಮತ್ತು ನಲ್ಲಮಲದ ಇಳಿಜಾರು

ಪ್ರಶ್ನೆ: ಯುಗಾದಿಗೆ ನಮ್ಮೂರ ಕಂಬಿಯ (ಮಲ್ಲಯ್ಯನ ಹೆಸರಲ್ಲಿ ಹೆಗಲ ಮೇಲೆ ಹೊತ್ತೊಯ್ಯುವ ಕಾವಡಿ) ಜೊತೆ ಮೊದಲ ಸಲ ಶ್ರೀಶೈಲಕ್ಕೆ ನಡೆಯುವವನಿದ್ದೇನೆ. ವಯಸ್ಸು 46. ಎಷ್ಟು ವಾರ ತಯಾರಿ ಬೇಕು? ಬರಿಗಾಲಲ್ಲಿ ಹೋಗಬಹುದೇ?
– ಓದುಗರು, ಮುಧೋಳ

ಉತ್ತರ: ಹತ್ತು ವಾರ ಇಟ್ಟುಕೊಳ್ಳಿ. ದಿನಕ್ಕೆ 5 ಕಿ.ಮೀ.ನಿಂದ ಶುರು ಮಾಡಿ. ವಾರಕ್ಕೊಂದು ದೂರದ ನಡಿಗೆ ಇರಲಿ. ಅದನ್ನು ಪ್ರತಿ ವಾರ 2–3 ಕಿ.ಮೀ. ಏರಿಸುತ್ತ 25ಕ್ಕೆ ತನ್ನಿ. ಕೊನೆಯ ವಾರಗಳಲ್ಲಿ ಶನಿವಾರ, ಭಾನುವಾರ ಎರಡೂ ದಿನ ನಡೆಯಿರಿ. ಒಂದು ದಿನ 25 ಕಿ.ಮೀ. ನಡೆಯುವುದು ಬೇರೆ, ನೊಂದ ಕಾಲನ್ನು ಮರುದಿನ ನಸುಕಿನಲ್ಲಿ ಎಬ್ಬಿಸುವುದು ಬೇರೆ. ಹೊರಡುವ ಮುಂಚಿನ ನಾಲ್ಕೈದು ದಿನ ಕಾಲಿಗೆ ಬಿಡುವು ಕೊಡಿ.

ಎರೆಭೂಮಿಯ ಸಪಾಟು ರಸ್ತೆಯಲ್ಲಷ್ಟೇ ರೂಢಿ ಮಾಡಿಕೊಂಡವರು ಶ್ರೀಶೈಲದ ಸುತ್ತಲಿನ ನಲ್ಲಮಲ ಬೆಟ್ಟಕಾಡಿನಲ್ಲಿ ಕುಸಿಯುತ್ತಾರೆ. ಆಂಧ್ರದ ಆತ್ಮಕೂರು ದಾಟಿ ವೆಂಕಟಾಪುರಂನಲ್ಲಿ ಕಾಡು ಹೊಕ್ಕರೆ ನಾಗಲೂಟಿ, ಪೆದ್ದಚೆರುವು, ಆಮೇಲೆ ಭೀಮುನಿಕೊಲನಿನ ಕಣಿವೆ. ಅಲ್ಲಿ ಕಲ್ಲುಮೆಟ್ಟಿಲು ಇಳಿದು, ಮತ್ತೆ ಕೈಲಾಸದ್ವಾರದವರೆಗೆ ಏರಬೇಕು. ಎಲ್ಲರೂ ಹೆದರುವುದು ಆ ಏರಿಗೆ. ಮೊಣಕಾಲು ಕೈಕೊಡುವುದು ಇಳಿಜಾರಿನಲ್ಲಿ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯುತ್ತದೆ, ರೂಢಿ ಇಲ್ಲದಿದ್ದರೆ ಬಲು ಬೇಗ ಸೋಲುತ್ತದೆ. ಹಾಗಾಗಿ ವಾರಕ್ಕೆರಡು ಸಲ ಮೆಟ್ಟಿಲು ಇಳಿಯುವ ಅಭ್ಯಾಸ ಬೇಕೇ ಬೇಕು. ನಿಮಗೆ ಬಾದಾಮಿಯಿಂದ ಮಹಾಕೂಟಕ್ಕೆ ಹೋಗುವ ಗುಡ್ಡದ ಕಾಲುದಾರಿ ದೂರವಲ್ಲ. ಬಿಸಿಲೇರುವ ಮೊದಲೇ ಹೋಗಿಬನ್ನಿ. ಕೈಯಲ್ಲೊಂದು ಕೋಲು ಇರಲಿ, ಹೆಜ್ಜೆ ಚಿಕ್ಕದಿರಲಿ.

ಬರಿಗಾಲಿನ ಹರಕೆ ಇದ್ದರೆ ನಸುಕಿನ ತಾಸುಗಳಲ್ಲಿ ಮಾತ್ರ ಪಾಲಿಸಿ. ಮಧ್ಯಾಹ್ನದ ಡಾಂಬರು 55–60 ಡಿಗ್ರಿ ಕಾಯುತ್ತದೆ, ನಿಂತಲ್ಲೇ ಅಂಗಾಲು ಸುಡುತ್ತದೆ. ಬೂಟನ್ನು ಸಂಜೆ ಕೊಳ್ಳಿ: ಆಗ ಪಾದ ಊದಿರುತ್ತದೆ, ಅಳತೆ ಸರಿ ಸಿಗುತ್ತದೆ. ಅರ್ಧ ಸೈಜ್ ದೊಡ್ಡದಿರಲಿ. ಯಾತ್ರೆಗೆ ಮುನ್ನ ಅದರಲ್ಲಿ 80–100 ಕಿ.ಮೀ. ನಡೆದಿರಬೇಕು. ಹೊಸ ಬೂಟು ಹಾಕಿಕೊಂಡು ಹೊರಡುವುದಕ್ಕಿಂತ ಹಳೆಯ ಚಪ್ಪಲಿಯೇ ವಾಸಿ.

ಪ್ರಶ್ನೆ: ಕಳೆದ ಸಲ ಮೂರನೇ ದಿನಕ್ಕೇ ಬೊಬ್ಬೆ, ಮೀನಖಂಡ ಹಿಡಿತ, ಉರಿಮೂತ್ರ. ನೀರು ಬೇಕಾದಷ್ಟು ಕುಡಿದಿದ್ದೆ. ಯಾಕೆ ಹೀಗಾಯಿತು?
– ಓದುಗರು, ಇಂಡಿ

ಉತ್ತರ: ಬೊಬ್ಬೆಗೆ ಕಾರಣ ಬೆವರು ಮತ್ತು ತಿಕ್ಕಾಟ. ಹಿಮ್ಮಡಿ ಚುರುಗುಟ್ಟಿದ ಕೂಡಲೇ ನಿಂತು, ಒರೆಸಿ, ಅಂಟುಪಟ್ಟಿ ಹಾಕಿ. ‘ಮುಂದಿನ ಊರಲ್ಲಿ ನೋಡೋಣ’ ಅಂದರೆ ಕೆಟ್ಟಿತು. ಕಾಲುಚೀಲ ಮೂರು ಜೊತೆ ಇರಲಿ, ಒದ್ದೆಯಾದಾಗಲೆಲ್ಲ ಬದಲಿಸಿ. ಬೊಬ್ಬೆ ದೊಡ್ಡದಾಗಿ ಬಿಗಿದಿದ್ದರೆ ಶುದ್ಧ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ತೆಗೆಯಿರಿ. ಮೇಲಿನ ಚರ್ಮ ಮಾತ್ರ ಕೀಳಬೇಡಿ.

ನೀರು ಕುಡಿದೂ ಸೋತಿದ್ದಕ್ಕೆ ಉಪ್ಪಿನ ಕೊರತೆಯೂ ಕಾರಣವಿರಬಹುದು. ಬೆವರಿನೊಂದಿಗೆ ಉಪ್ಪೂ ಹೋಗುತ್ತದೆ. ಬರೀ ನೀರನ್ನೇ ವಿಪರೀತ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾಗುತ್ತವೆ. ಬಿಸಿಲಲ್ಲಿ ತಾಸಿಗೆ ಅರ್ಧದಿಂದ ಮುಕ್ಕಾಲು ಲೀಟರ್, ಬಾಯಾರಿಕೆ ನೋಡಿಕೊಂಡು ಕುಡಿಯಿರಿ. ನಡುವೆ ಉಪ್ಪು ಹಾಕಿದ ಮಜ್ಜಿಗೆ, ಇಲ್ಲವೇ ಓಆರ್‌ಎಸ್. ಮನೆಯಲ್ಲೇ ಮಾಡುವುದಾದರೆ 1 ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೆಡುವುದಿಲ್ಲ, ಉಪ್ಪೂ ಸಿಗುತ್ತದೆ. ಉರಿಮೂತ್ರ ಎರಡು ದಿನಕ್ಕೂ ನಿಲ್ಲದಿದ್ದರೆ ಸೋಂಕು ಇರಬಹುದು, ವೈದ್ಯರಿಗೆ ತೋರಿಸಿ.

ದಯವಿಟ್ಟು ಒಂದು ಮಾತು ಕೇಳಿ: ಕಾಲುನೋವಿಗೆಂದು ದಾರಿಯಲ್ಲಿ ಹಂಚುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆ ನುಂಗಬೇಡಿ. ಮೈಯಲ್ಲಿ ನೀರು ಕಡಿಮೆಯಿದ್ದಾಗ ಅವು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಇನ್ನಷ್ಟು ತಗ್ಗಿಸುತ್ತವೆ.

ಯಾತ್ರೆಯ ವರ್ಷವನ್ನೂ ಗಮನಿಸಿ. 2026ರ ಯುಗಾದಿ ಮಾರ್ಚ್ 19ಕ್ಕಿದ್ದರೆ, ನಡುವೆ ಅಧಿಕ ಮಾಸ ಬರುವುದರಿಂದ 2027ರದ್ದು ಏಪ್ರಿಲ್ 7ಕ್ಕೆ ಜಾರುತ್ತದೆ. ಅಷ್ಟರಲ್ಲಿ ಬಿಸಿಲು ಬಲಿತಿರುತ್ತದೆ. ಬೆಳಗಿನ 3ಕ್ಕೆ ಹೊರಟು 10ರೊಳಗೆ ನೆರಳು ಸೇರಿ, ಸಂಜೆ 5ರ ಮೇಲೆ ಮತ್ತೆ ನಡೆಯಿರಿ. ಆದರೆ ಇದು ರಸ್ತೆಗೆ ಮಾತ್ರ. ನಲ್ಲಮಲ ಹುಲಿ ಸಂರಕ್ಷಿತ ಕಾಡು, ಅಲ್ಲಿ ಕತ್ತಲಲ್ಲಿ ನಡೆಯುವಂತಿಲ್ಲ.

ಪ್ರಶ್ನೆ: ತಂದೆಗೆ 62, ಸಕ್ಕರೆ ಕಾಯಿಲೆ. ಕಳಿಸಬಹುದೇ?
– ಓದುಗರು, ಗೋಕಾಕ

ಉತ್ತರ: ಅಂಗಾಲಿನಲ್ಲಿ ಸ್ಪರ್ಶಜ್ಞಾನ ಕಡಿಮೆಯಿದ್ದರೆ ಬೇಡ, ಗಾಯವಾದದ್ದೇ ತಿಳಿಯುವುದಿಲ್ಲ. ಸ್ಪರ್ಶ ಸರಿಯಿದ್ದರೆ, ನಡಿಗೆ ಹೆಚ್ಚಿದಾಗ ಸಕ್ಕರೆ ಇಳಿಯುವುದರಿಂದ ಇನ್ಸುಲಿನ್, ಮಾತ್ರೆಯ ಪ್ರಮಾಣವನ್ನು ವೈದ್ಯರಿಂದ ಮೊದಲೇ ತಿದ್ದಿಸಿಕೊಳ್ಳಿ. ಜೇಬಿನಲ್ಲಿ ಗ್ಲೂಕೋಸ್ ಇರಲಿ. ಬರಿಗಾಲು ಬೇಡವೇ ಬೇಡ. ರಾತ್ರಿ ಮಲಗುವ ಮುನ್ನ ಬೆರಳುಸಂದಿಯನ್ನೂ ಬಿಡದೆ ಪಾದವನ್ನು ಟಾರ್ಚ್ ಬೆಳಕಿನಲ್ಲಿ ಜೊತೆಯವರೊಬ್ಬರು ನೋಡಬೇಕು.