ಮನೆ ನೋಡದೆ ಮುಂಗಡ ಬೇಡ

ಪ್ರಶ್ನೆ: ಬರುವ ತಿಂಗಳು ಕೆಲಸದ ನಿಮಿತ್ತ ಪತ್ನಿ ಹಾಗೂ ನಾಲ್ಕು ವರ್ಷದ ಮಗಳೊಂದಿಗೆ ಜರ್ಮನಿಯ ಮ್ಯೂನಿಕ್‌ಗೆ ಹೋಗುತ್ತಿದ್ದೇನೆ. ಇಲ್ಲಿಂದಲೇ ಅಂತರ್ಜಾಲದಲ್ಲಿ ಹುಡುಕಿದಾಗ, ಊರಿನ ನಡುಭಾಗದಲ್ಲಿ ಒಳ್ಳೆಯ ಮನೆಯೊಂದು ಬಹಳ ಕಡಿಮೆ ಬಾಡಿಗೆಗೆ ಸಿಕ್ಕಿದೆ. ಮಾಲೀಕರು ತಾವು ಬೇರೆ ದೇಶದಲ್ಲಿರುವುದಾಗಿಯೂ, ಎರಡು ತಿಂಗಳ ಅಡ್ವಾನ್ಸ್ ಕಳುಹಿಸಿದರೆ ಬೀಗದ ಕೈಯನ್ನು ಕೊರಿಯರ್ ಮಾಡುವುದಾಗಿಯೂ ಹೇಳುತ್ತಾರೆ; ತಮ್ಮ ಪಾಸ್‌ಪೋರ್ಟಿನ ಪ್ರತಿಯನ್ನೂ ಕಳುಹಿಸಿದ್ದಾರೆ. ಹಣ ಕಳುಹಿಸಬಹುದೇ?
- ಹೆಸರು ಬೇಡ, ವಿಜಯನಗರ, ಬೆಂಗಳೂರು

ಉತ್ತರ: ದಯವಿಟ್ಟು ಒಂದು ಯೂರೋ ಕೂಡ ಕಳುಹಿಸಬೇಡಿ. ಮಾಲೀಕರು ಊರಲ್ಲಿಲ್ಲ, ಬಾಡಿಗೆ ಅಗ್ಗ, ಕೀಲಿ ಅಂಚೆಯಲ್ಲಿ ಬರುತ್ತದೆ ಎಂಬ ಮೂರೂ ಮಾತು ಒಟ್ಟಿಗೆ ಬಂದರೆ ಅದು ಹೆಚ್ಚುಕಡಿಮೆ ಯಾವಾಗಲೂ ಮೋಸವೇ. ಮ್ಯೂನಿಕ್ ಜರ್ಮನಿಯಲ್ಲೇ ಅತಿ ದುಬಾರಿ ಬಾಡಿಗೆಯ ನಗರ. ಒಂದು ಮನೆಗೆ ಹತ್ತಾರು ಅರ್ಜಿಗಳು ಬರುವ ಅಂಥ ಊರಿನಲ್ಲಿ ಅಗ್ಗದ ಮನೆಯೊಂದು ಪರದೇಶದಿಂದ ಬರುವ ಅಪರಿಚಿತರಿಗಾಗಿ ಕಾದು ಕುಳಿತಿರುವುದಿಲ್ಲ. ಪಾಸ್‌ಪೋರ್ಟಿನ ಪ್ರತಿಯನ್ನೂ ನೆಚ್ಚಬೇಡಿ. ಅದು ಈ ಹಿಂದೆ ಇದೇ ರೀತಿ ಮೋಸಹೋದ ಇನ್ನಾರದ್ದೋ ಆಗಿರುವುದುಂಟು. ಆದ್ದರಿಂದ ನಿಮ್ಮ ಪಾಸ್‌ಪೋರ್ಟ್, ಸಂಬಳದ ಚೀಟಿಗಳನ್ನೂ ಅವರಿಗೆ ಕೊಡಬೇಡಿ.

ಹಾಗಾದರೆ ಮಗುವನ್ನು ಕಟ್ಟಿಕೊಂಡು ಇಳಿಯುವುದೆಲ್ಲಿ ಎಂಬ ನಿಮ್ಮ ಚಿಂತೆ ನ್ಯಾಯವಾದದ್ದು. ಮೊದಲ ಕೆಲವು ತಿಂಗಳಿಗೆ ಸಜ್ಜುಗೊಳಿಸಿದ ತಾತ್ಕಾಲಿಕ ಮನೆಯೊಂದನ್ನು ನಿಮ್ಮ ಕಂಪನಿಯ ಮೂಲಕವೇ ಕೇಳಿ ಪಡೆಯಿರಿ. ಸ್ವಲ್ಪ ದುಬಾರಿಯಾದರೂ ಚಿಂತೆಯಿಲ್ಲ, ಆದರೆ ಆ ವಿಳಾಸದಲ್ಲಿ ಸರ್ಕಾರಿ ನೋಂದಣಿಗೆ ಅವಕಾಶವಿರಲೇಬೇಕು. ಜರ್ಮನಿಯಲ್ಲಿ ಮನೆಗೆ ಸೇರಿದ ಎರಡು ವಾರಗಳೊಳಗೆ ವಿಳಾಸವನ್ನು ನೋಂದಾಯಿಸುವುದು ಕಡ್ಡಾಯ. ಅದನ್ನು ‘ಆನ್‌ಮೆಲ್ಡುಂಗ್’ ಎನ್ನುತ್ತಾರೆ. ಇದಕ್ಕೆ ಮನೆ ಕೊಟ್ಟವರ ಸಹಿಯುಳ್ಳ ದೃಢೀಕರಣ ಪತ್ರ ಬೇಕು. ನೋಂದಣಿಯಾದ ಮೇಲೆಯೇ ತೆರಿಗೆ ಸಂಖ್ಯೆ ಅಂಚೆಯಲ್ಲಿ ಮನೆಗೆ ಬರುತ್ತದೆ, ಮುಂದಿನ ಎಷ್ಟೋ ಕೆಲಸಗಳು ಅದನ್ನೇ ಅವಲಂಬಿಸಿರುತ್ತವೆ.

ಅಲ್ಲಿ ಇದ್ದುಕೊಂಡು ಮನೆ ಹುಡುಕುವಾಗ ನಮ್ಮೂರಿನ ಲೆಕ್ಕಾಚಾರವನ್ನು ಬದಿಗಿಡಬೇಕಾಗುತ್ತದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಹನ್ನೊಂದು ತಿಂಗಳ ಕರಾರು ಮಾಡಿಕೊಂಡು, ಬಿಡುವಾಗ ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆ ಕಳೆದುಕೊಳ್ಳುವುದು ನಮಗೆ ರೂಢಿಯಾಗಿಬಿಟ್ಟಿದೆ. ಅಲ್ಲಿ ಕಾನೂನಿನ ಪ್ರಕಾರ ಠೇವಣಿಯು ಮೂರು ತಿಂಗಳ ಮೂಲ ಬಾಡಿಗೆಯನ್ನು ಮೀರುವಂತಿಲ್ಲ. ಅದನ್ನು ಮೂರು ಮಾಸಿಕ ಕಂತುಗಳಲ್ಲಿ ಕಟ್ಟುವ ಹಕ್ಕೂ ಬಾಡಿಗೆದಾರರಿಗಿದೆ, ಮೊದಲ ಕಂತು ಕೊಡಬೇಕಾದದ್ದು ಬಾಡಿಗೆ ಅವಧಿ ಆರಂಭವಾದಾಗ. ಮಾಲೀಕರು ಆ ಹಣವನ್ನು ತಮ್ಮ ಸ್ವಂತ ಹಣದೊಡನೆ ಬೆರೆಸದೆ ಪ್ರತ್ಯೇಕವಾಗಿಡಬೇಕು, ಅದರ ಬಡ್ಡಿ ನಿಮ್ಮದು. ದಲ್ಲಾಳಿ ಶುಲ್ಕವನ್ನು 2015ರಿಂದೀಚೆಗೆ ದಲ್ಲಾಳಿಯನ್ನು ಗೊತ್ತುಮಾಡಿದವರೇ ಕೊಡಬೇಕೆಂಬ ನಿಯಮವಿದೆ, ಆದ್ದರಿಂದ ಮಾಲೀಕರು ನೇಮಿಸಿದ ದಲ್ಲಾಳಿಗೆ ನೀವು ಕೊಡಬೇಕಾದದ್ದೇನೂ ಇಲ್ಲ.

ಜಾಹೀರಾತಿನಲ್ಲಿ ‘ಕಾಲ್ಟ್‌ಮೀಟೆ’ ಎಂದಿದ್ದರೆ ಅದು ಮೂಲ ಬಾಡಿಗೆ ಮಾತ್ರ. ‘ವಾರ್ಮ್‌ಮೀಟೆ’ಯಲ್ಲಿ ಸಾಮಾನ್ಯವಾಗಿ ನೀರು, ಕಸ, ಮನೆ ಬಿಸಿ ಮಾಡುವ ಖರ್ಚೂ ಸೇರಿರುತ್ತದೆ, ವಿದ್ಯುತ್ ಬಿಲ್ ಬಹುಪಾಲು ಬೇರೆಯೇ. ಖಾಲಿ ಮನೆಯೆಂದರೆ ಎಷ್ಟೋ ಕಡೆ ಅಡುಗೆಮನೆಯಲ್ಲಿ ಒಲೆ, ಸಿಂಕ್, ಕಪಾಟು ಒಂದೂ ಇರುವುದಿಲ್ಲ, ಹಿಂದಿನವರು ಬಿಚ್ಚಿಕೊಂಡು ಹೋಗಿರುತ್ತಾರೆ. ಮಗುವಿರುವ ಮನೆಗೆ ಇದು ಸಣ್ಣ ವಿಷಯವಲ್ಲ, ಮೊದಲೇ ಕೇಳಿಕೊಳ್ಳಿ. ಸಾಲ ತೀರಿಸುವಿಕೆಯ ದಾಖಲೆಯಾದ ‘ಶೂಫಾ’ ವರದಿಯನ್ನು ಮಾಲೀಕರು ಕೇಳಬಹುದು. ಹೊಸಬರಾದ ನಿಮಗೆ ಅಲ್ಲಿ ಹಿಂದಿನ ದಾಖಲೆ ಇರುವುದಿಲ್ಲವಾದ್ದರಿಂದ, ಉದ್ಯೋಗದ ಕರಾರುಪತ್ರವನ್ನೂ ಕಂಪನಿಯಿಂದ ಒಂದು ಪತ್ರವನ್ನೂ ಸಿದ್ಧವಾಗಿಟ್ಟುಕೊಳ್ಳಿ. ಕೀಲಿ ಪಡೆಯುವ ದಿನ ಗೋಡೆಯ ಗೀರು, ನೆಲದ ಬಿರುಕು, ಮೀಟರಿನ ಅಂಕಿ ಎಲ್ಲವನ್ನೂ ಬರೆಸಿ, ಇಬ್ಬರೂ ಸಹಿ ಮಾಡಿ, ಛಾಯಾಚಿತ್ರ ತೆಗೆದಿಡಿ. ಬಿಡುವಾಗ ಠೇವಣಿ ಉಳಿಸುವುದು ಆ ಹಾಳೆಯೇ.

ಪ್ರಶ್ನೆ: ಬರ್ಲಿನ್‌ನಲ್ಲಿ ಓದಲು ಹೋಗುತ್ತಿರುವ ನನ್ನ ಮಗಳಿಗೆ, ಬಾಡಿಗೆ ಮನೆಯಲ್ಲಿರುವ ಒಬ್ಬರು ಅದರ ಒಂದು ಕೋಣೆಯನ್ನು ಕೊಡಲು ಒಪ್ಪಿದ್ದಾರೆ, ಆದರೆ ಆ ವಿಳಾಸದಲ್ಲಿ ನೋಂದಣಿ ಬೇಡ ಎನ್ನುತ್ತಾರೆ. ಒಪ್ಪಬಹುದೇ?
- ಒಬ್ಬ ತಾಯಿ, ಬಸವನಗುಡಿ, ಬೆಂಗಳೂರು

ಉತ್ತರ: ಒಪ್ಪದಿರುವುದು ಕ್ಷೇಮ, ತಾಯಿ. ನೋಂದಣಿ ಬೇಡವೆನ್ನುವುದಕ್ಕೆ ಅನೇಕ ವೇಳೆ ಕಾರಣ, ಮೂಲ ಮಾಲೀಕರ ಅನುಮತಿಯಿಲ್ಲದೆ ಒಳಬಾಡಿಗೆಗೆ ಕೊಡುತ್ತಿರುವುದು. ಮಾಲೀಕರಿಗೆ ತಿಳಿದ ದಿನ ಮಗಳು ಹೊರಗೆ ನಿಲ್ಲಬೇಕಾದೀತು. ವಾಸದ ಪರವಾನಗಿಗೆ ಅರ್ಜಿ ಹಾಕುವಾಗಲೂ ನೋಂದಾಯಿತ ವಿಳಾಸ ಬೇಕಾಗುತ್ತದೆ. ವಿದ್ಯಾರ್ಥಿ ನಿಲಯಗಳನ್ನು ನಡೆಸುವ ‘ಶ್ಟುಡೀರೆಂಡೆನ್‌ವೆರ್ಕ್’ ಸಂಸ್ಥೆಗೆ ಇಂದೇ ಅರ್ಜಿ ಹಾಕಿಸಿ, ಅಲ್ಲಿ ಸರದಿ ಉದ್ದವಿರುತ್ತದೆ. ಈ ಕೋಣೆಯೇ ಬೇಕೆಂದಾದರೆ, ಮಾಲೀಕರ ಲಿಖಿತ ಒಪ್ಪಿಗೆಯನ್ನೂ ನೋಂದಣಿಗೆ ಬೇಕಾದ ದೃಢೀಕರಣ ಪತ್ರ ಕೊಡುತ್ತೇವೆಂಬ ಮಾತನ್ನೂ ಕರಾರಿನಲ್ಲಿ ಬರೆಸಿಕೊಂಡ ಮೇಲಷ್ಟೇ ಮಗಳು ಸಹಿ ಮಾಡಲಿ.